ಓದದೆ ದಾಟಿದ ಮೂವತ್ತೊಂದು ಬಾಕ್ಸುಗಳು

ಮದುವೆ ಕಾರ್ಡು ಕೈಗೆ ಬಂದರೆ ನಾನು ಮೊದಲ ನಾಲ್ಕು ಸಾಲು ಓದಿ ಮಡಚಿಡುತ್ತೇನೆ. ಯಾರು, ಯಾರನ್ನು, ಯಾವಾಗ, ಎಲ್ಲಿ. ಇಷ್ಟು ಗೊತ್ತಾದರೆ ಸುದ್ದಿ ಮುಗಿಯಿತು. ಎರಡು ವರ್ಷದ ಕೆಳಗೆ ಶಹಾಪುರದ ಒಂದು ಮದುವೆಗೂ ಹೀಗೇ ಹೋದೆವು. ಅಕ್ಷತೆ ಹಾಕಿ, ಹುಗ್ಗಿ ಉಂಡು, ವಧೂವರರ ಪಕ್ಕ ಫೋಟೋಕ್ಕೆ ನಿಂತಾಗ ನನ್ನ ಹೆಂಡತಿ ಶಾಂತಾ ಮೊಣಕೈಯಿಂದ ತಿವಿದಳು.

“ರೀ, ಈ ಹುಡುಗ ನಮ್ಮ ಮಲ್ಲಣ್ಣನ ಮಗ ಅಲ್ಲ.”

“ಅರಿಷಿಣ ಹಚ್ಚ್ಯಾರಲ್ಲ, ಅದಕ್ಕ ಬ್ಯಾರೆ ಕಾಣ್ತಾನ,” ಎಂದೆ.

“ಅರಿಷಿಣ ಹಚ್ಚಿದ್ರ ಮೂಗು ಬದಲಾಗ್ತದೇನ್ರಿ?”

ಕಾರ್ಡಿನ ಕೆಳಮೂಲೆಯಲ್ಲಿ ಒಂದು ಪುಟ್ಟ ಬಾಕ್ಸ್ ಇತ್ತಂತೆ. ಮದುವೆಯ ಜಾಗ ಬದಲಾಗಿದೆ ಎಂದು ಅದರೊಳಗೆ ಅಚ್ಚಾಗಿತ್ತಂತೆ. ಯಾರೋ ಪುಣ್ಯವಂತರ ಹುಗ್ಗಿ ನಮ್ಮ ಹೊಟ್ಟೆಯಲ್ಲಿತ್ತು, ಅವರ ಆಲ್ಬಮ್ಮಿನಲ್ಲಿ ನಾವು ಖಾಯಂ ಆಗಿ ಸೇರಿಹೋಗಿದ್ದೆವು.

ಬಾಕ್ಸ್ ಬಿಟ್ಟು ಓದುವುದು ಕಸುಬಿನಿಂದ ಬಂದ ಚಟ. ಯಾದಗಿರಿಯ ಒಂದು ಜಿಲ್ಲಾ ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ಸುದ್ದಿಯ ನಡುವೆ ನಾಲ್ಕು ಗೆರೆ ಎಳೆದು, ಒಳಗೆ ಎರಡು ಮೂರು ಸಾಲನ್ನು ದಪ್ಪ ಅಕ್ಷರದಲ್ಲಿ ಕೂಡಿಸಿರುವುದನ್ನು ನೀವು ನೋಡಿರುತ್ತೀರಿ. ಅದನ್ನು ನಾವು ಬಾಕ್ಸ್ ಎನ್ನುತ್ತೇವೆ. ಅದರಲ್ಲಿರುವುದೆಲ್ಲ ಮೇಲಿನ ಸುದ್ದಿಯಲ್ಲೇ ಇರುತ್ತದೆ. ಪುಟ ಬೋಳಾಗಿ ಕಾಣಬಾರದೆಂದು ಮಾಡುವ ಅಲಂಕಾರ ಅದು. ಸಂಜೆ ಐದಕ್ಕೆ ಒಂದು ಜಾಹೀರಾತು ಬಂದರೆ ಮೊದಲು ಹೋಗುವುದೂ ಅದೇ. ನಾನೇ ಸಾವಿರಾರು ಬಾಕ್ಸ್ ಮಾಡಿದ್ದೇನೆ, ಹೆಚ್ಚುಕಡಿಮೆ ಅಷ್ಟನ್ನೇ ಕಿತ್ತು ಹಾಕಿದ್ದೇನೆ. ಹಾಕಿದಾಗ ಯಾರೂ ಹೊಗಳಿಲ್ಲ, ಕಿತ್ತಾಗ ಯಾರೂ ಕೇಳಿಲ್ಲ. ಹೀಗಾಗಿ ಚೌಕದೊಳಗೆ ಏನೇ ಇರಲಿ, ಗುಂಡಿ ಕಂಡ ಸೈಕಲ್ಲಿನ ಹಾಗೆ ನನ್ನ ಕಣ್ಣು ಸುತ್ತು ಹಾಕಿ ಮುಂದೆ ಹೋಗುತ್ತದೆ.

ಮದುವೆಯ ಕಥೆಯನ್ನು ನಾನೇ ನಾಲ್ಕು ಜನರಿಗೆ ಹೇಳಿ ನಗಿಸಿದ್ದೇನೆ. ಇದೇ ಚಟದಿಂದ ಆದ ಇನ್ನೊಂದು ಕೆಲಸವನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಈಗ ನಿಮಗೆ ಹೇಳುತ್ತೇನೆ. ವಿಷಯ ಜಪಾನಿನಿಂದ ಶುರುವಾಗುತ್ತದೆ.

ನಮ್ಮ ಮನೆಗೆ ಜಪಾನು ತಂದವಳು ಮಗಳು ಅಕ್ಷತಾ. ಪಿಯುಸಿ ಓದುತ್ತಿದ್ದ ಅವಳು ಊಟದ ತಟ್ಟೆಯ ಮುಂದೆ ಫೋನನ್ನು ನೀರಿನ ಚೊಂಬಿಗೆ ಆನಿಸಿ ಏನೋ ನೋಡುತ್ತಿದ್ದಳು. ದೊಡ್ಡ ಕಣ್ಣಿನ ಹುಡುಗರು, ಬಣ್ಣಬಣ್ಣದ ಕೂದಲು.

“ಈ ವಯಸ್ಸಿಗೆ ಕಾರ್ಟೂನೇನವ್ವ?” ಎಂದೆ.

“ಅಪ್ಪಾ, ಕಾರ್ಟೂನ್ ಅನ್ಬ್ಯಾಡ. ಅನಿಮೆ ಅನ್ನು. ನಿಮ್ಮ ಪೇಪರಿಗೆ ಯಾರರ ಪಾಂಪ್ಲೆಟ್ ಅಂದ್ರ ಹೆಂಗ ಅನ್ನಸ್ತದ ನಿನಗ?”

ಪೆಟ್ಟು ಸರಿಯಾದ ಜಾಗಕ್ಕೆ ಬಿತ್ತು. ಪಕ್ಕದಲ್ಲಿ ಕೂತು ನೋಡಿದೆ. ಒಬ್ಬ ಕೆಲಸಕ್ಕೆ ಬಾರದ ಹುಡುಗ ಲಾರಿಗೆ ಸಿಕ್ಕು ಸಾಯುತ್ತಾನೆ. ಕಣ್ಣು ಬಿಟ್ಟರೆ ಇನ್ನೊಂದು ಲೋಕ. ಅಲ್ಲಿ ಬದುಕು ಪೂರ್ತಿ ಒಂದು ಆಟದ ನಿಯಮದ ಪ್ರಕಾರ ನಡೆಯುತ್ತದೆ. ಗಾಳಿಯಲ್ಲಿ ನೀಲಿ ಫಲಕ ತೆರೆದುಕೊಂಡು, ನಿನ್ನ ಬಲ ಹನ್ನೆರಡು, ಚುರುಕು ಒಂಬತ್ತು ಎಂದು ತೋರಿಸುತ್ತದೆ. ಪ್ರಾಣಿಯೊಂದನ್ನು ಹೊಡೆದರೆ ಅಂಕ. ಅಂಕ ಕೂಡಿದರೆ ಟಿಂಗ್ ಎಂದು ಗಂಟೆ, ಹುಡುಗ ಒಂದು ಲೆವೆಲ್ ಮೇಲೆ. ಇಪ್ಪತ್ತು ವರ್ಷ ಲಾರಿ ಅಪಘಾತದ ಸುದ್ದಿ ತಿದ್ದಿದವನಿಗೆ ಇದು ಸುಲಭಕ್ಕೆ ಇಳಿಯಲಿಲ್ಲ. ಗಂಟೆಯ ವಿಚಾರವೂ ಅಷ್ಟೇ. ನಮ್ಮ ಕಚೇರಿಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರಿಗೆ ಒಮ್ಮೆಯೂ ಟಿಂಗ್ ಎಂದದ್ದಿಲ್ಲ.

ಆದರೂ ಬಿಡಲಾಗಲಿಲ್ಲ. ಒಂದು ಮುಗಿಯಿತು, ಎರಡಾಯಿತು, ಆರಾಯಿತು. ಭಾನುವಾರದ ಪುರವಣಿಯಲ್ಲಿ ಒಂದು ಮೂಲೆ ಖಾಲಿ ಉಳಿದ ವಾರ ಇವುಗಳ ಬಗ್ಗೆ ಬರೆದೆ. ಮಾರನೆಯ ವಾರ ಶಹಾಪುರದಿಂದ, ಗುರುಮಠಕಲ್ಲಿನಿಂದ ಹುಡುಗರ ಪತ್ರಗಳು ಬಂದವು. ನಮ್ಮ ಪೇಪರನ್ನು ಹುಡುಗರು ಓದುತ್ತಾರೆ ಎನ್ನುವುದೇ ನಮಗೆಲ್ಲ ಹೊಸ ಸುದ್ದಿ. ಹಾಗೆ ಆ ಮೂಲೆ ನನ್ನ ಅಂಕಣವಾಯಿತು, ನಾನು ಈ ಜಿಲ್ಲೆಯ ಏಕೈಕ ಆಟದ ಕಥೆಗಳ ವಿಮರ್ಶಕನಾದೆ. ಎದುರಾಳಿ ಇಲ್ಲದ ಚುನಾವಣೆಯಲ್ಲಿ ಗೆದ್ದ ಹಾಗೆ.

ಗೆದ್ದವನಿಗೆ ತತ್ವಗಳೂ ಬೇಕಾಗುತ್ತವೆ. ಎರಡು ಮೂರು ಮಾಡಿಕೊಂಡೆ. ಒಂದು, ಲೇಖಕ ತಾನು ಹಾಕಿದ ಆಟದ ನಿಯಮವನ್ನು ತಾನೇ ಮುರಿಯಬಾರದು. ನಾಯಕ ಸೋಲುವ ಹೊತ್ತಿಗೆ ಹೊಸ ಶಕ್ತಿ ಉದುರಿಸಬಾರದು. ಮತ್ತೆ, ಅಂಕ ಏರಿದಂತೆ ಮನುಷ್ಯನೂ ಬದಲಾಗಬೇಕು. ಇಲ್ಲದಿದ್ದರೆ ಅದು ಕಥೆಯಲ್ಲ, ಬಡ್ತಿಯ ಪಟ್ಟಿ. ನನಗೆ ತುಂಬ ಹಿಡಿಸಿದ್ದು ಇನ್ನೊಂದು: ನಾಯಕ ಗೆದ್ದಾಗ ಅದು ಯಾರಿಗೆ ಕಡಿಮೆಯಾಯಿತು ಎಂದು ಕಥೆ ತೋರಿಸಬೇಕು. ಈ ವಾಕ್ಯವನ್ನು ಬರೆದ ದಿನ ನಾನು ಎದ್ದು ಹೋಗಿ ಎರಡು ಕಪ್ ಚಹಾ ಕುಡಿದು ಬಂದೆ.

ಆಟ ಎಂದರೆ ಚಿಕ್ಕಂದಿನಿಂದಲೂ ನನ್ನದು ಹೊರಗೆ ನಿಂತು ಬರೆದುಕೊಳ್ಳುವ ಕೆಲಸ. ಶಹಾಪುರದಲ್ಲಿ ಗುಡ್ಡದ ಕೆಳಗಿನ ಬಯಲಿನಲ್ಲಿ ಚಿಣಿಪಣಿ, ಅಂದರೆ ಚಿನ್ನಿದಾಂಡು, ಆಡುವಾಗ ನನ್ನನ್ನು ಯಾವ ಕಡೆಯವರೂ ಕರೆದುಕೊಳ್ಳುತ್ತಿರಲಿಲ್ಲ. ಕೈಯಲ್ಲಿ ಕೋಲು ಕೊಟ್ಟರೆ ಚಿಣಿ ಬಿಟ್ಟು ಉಳಿದದ್ದಕ್ಕೆಲ್ಲ ಹೊಡೆಯುತ್ತಿದ್ದೆ. “ಇಂವ ಎಣಿಸ್ಲಿ ಬಿಡ್ರೋ, ಸುಳ್ಳು ಹೇಳಂಗಿಲ್ಲ” ಎಂದು ಬಂಡೆಯ ಮೇಲೆ ಕೂಡಿಸುತ್ತಿದ್ದರು. ಚಿಣಿ ಬಿದ್ದಲ್ಲಿಂದ ಗುಳಿಯವರೆಗೆ ಕೋಲಿನಿಂದ ಅಳೆಯುವುದು, ನಾನು ಎಣಿಸುವುದು, ಸುಣ್ಣದ ಕಲ್ಲಿನಿಂದ ಬಂಡೆಯ ಮೇಲೆ ಬರೆಯುವುದು. ಜಗಳವಾದರೆ ಎರಡೂ ಕಡೆಯವರು ನನ್ನ ಬಳಿ ಓಡಿ ಬರುತ್ತಿದ್ದರು. ಬಂಡೆಯ ಮೇಲಿದ್ದದ್ದೇ ಕೊನೆಯ ಮಾತು.

ಒಂದು ಮಧ್ಯಾಹ್ನ ಅಳತೆ ನಡೆದಿರುವಾಗ ನಾನು ಗುಡ್ಡದ ಮೇಲೆ ತೇಲುತ್ತಿದ್ದ ಹದ್ದು ನೋಡುತ್ತ ಕೂತುಬಿಟ್ಟೆ. “ಎಷ್ಟಾತೋ?” ಎಂದು ಕೂಗಿದರು. ನಲವತ್ತು ಎಂದೆ. ಎಣಿಸಿರಲಿಲ್ಲ. ಯಾರೂ ಮರುಮಾತಾಡಲಿಲ್ಲ. ಸೋತ ಹುಡುಗರು ನಿಯಮದಂತೆ ಗೆದ್ದವರನ್ನು ಬೆನ್ನ ಮೇಲೆ ಹೊತ್ತು ಬಯಲು ಸುತ್ತಿದರು. ಅವರ ಮೊಣಕಾಲು ನಡುಗುವುದನ್ನು ನೋಡುತ್ತ ನಾನು ಬಂಡೆಯ ಮೇಲೆ ಗಂಭೀರವಾಗಿ ಕೂತಿದ್ದೆ. ನಂಬಿಕಸ್ಥ ಎನಿಸಿಕೊಂಡವನು ಹೇಳುವ ಸುಳ್ಳು ಎಷ್ಟು ಸಲೀಸಾಗಿ ನಡೆಯುತ್ತದೆ ಎಂದು ಅವತ್ತೇ ತಿಳಿಯಿತು. ತಿಳಿದದ್ದು ಒಳ್ಳೆಯದಕ್ಕೆ ಬಂತೆಂದು ಹೇಳಲಾರೆ.

ಇರಲಿ, ಪುಸ್ತಕದ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಸುರಪುರದಿಂದ ಒಂದು ಲಕೋಟೆ ಬಂತು. ಒಳಗೆ ತೆಳ್ಳಗಿನ ಕಾದಂಬರಿ, ‘ಮೂವತ್ತೊಂದು ದಂಡೆ’. ಬರೆದವರ ಹೆಸರು ಸುಜಾತಾ, ಅಂಗನವಾಡಿ ಕಾರ್ಯಕರ್ತೆ. ಜೊತೆಗಿದ್ದ ಚೀಟಿಯಲ್ಲಿ, “ಸರ್, ಇದು ಆಟದ ಕಥೆ. ನಿಮ್ಮ ಅಂಕಣ ಓದಿ ಧೈರ್ಯ ಮಾಡಿದ್ದೇನೆ. ಹೇಗಿದ್ದರೂ ಹಾಗೇ ಬರೆಯಿರಿ,” ಎಂದಿತ್ತು. ನಮ್ಮ ಸೀಮೆಯಲ್ಲೂ ಇಂಥದ್ದನ್ನು ಬರೆಯುವವರಿದ್ದಾರಲ್ಲ ಎಂದು ಖುಷಿಯಾಯಿತು.

ಕಥೆ ಹೀಗಿತ್ತು. ಬೋನಾಳದ ಹುಡುಗಿ ಚಂದ್ರಿ ತಾಯಿಯ ಜೊತೆ ಕೆರೆಯ ಏರಿಯ ಮೇಲೆ ಹೋಗುವಾಗ ಇಬ್ಬರೂ ಜಾರಿ ನೀರಿಗೆ ಬೀಳುತ್ತಾರೆ. ಎದ್ದಾಗ ಕೆರೆಗೆ ಕೊನೆಯೇ ಇಲ್ಲ. ಅದೊಂದು ಆಟದ ಲೋಕ. ಮನೆಗೆ ಮರಳಬೇಕಾದರೆ ಮೂವತ್ತೊಂದು ದಂಡೆ ದಾಟಬೇಕು. ಒಂದೊಂದು ದಂಡೆಯಲ್ಲಿ ಒಂದೊಂದು ಹೋರಾಟ: ಮನುಷ್ಯರ ಮಾತಾಡುವ ಕೊಕ್ಕರೆಗಳ ಕಾವಲು, ಹೆಜ್ಜೆ ಇಟ್ಟಲ್ಲೆಲ್ಲ ಕುಸಿಯುವ ಕೆಸರು. ಚಂದ್ರಿ ಗೆಲ್ಲುತ್ತ ಹೋಗುತ್ತಾಳೆ, ಬುತ್ತಿಗಂಟು ಹೊತ್ತ ಅವ್ವ ಹಿಂದೆ ನಡೆಯುತ್ತಾಳೆ. ಕೊನೆಯ ದಂಡೆ ಮುಟ್ಟಿ ಚಂದ್ರಿ ತಿರುಗಿ ನೋಡಿದರೆ ಅವ್ವ ಇಲ್ಲ, ಗಂಟು ಮಾತ್ರ ಇದೆ. ಪ್ರತಿ ಅಧ್ಯಾಯದ ಕೊನೆಗೆ ಒಂದು ಬಾಕ್ಸ್. ಅದರೊಳಗೆ ಅಂಕಿಗಳು.

ನಾನು ಇದನ್ನು ಒಂದು ಗುರುವಾರ ಓದಿದೆ, ಅವತ್ತೇ ಪುರವಣಿ ಮುಗಿಸಬೇಕಿತ್ತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ ಎಂದೇ ಆಗ ತಿಳಿದಿದ್ದೆ, ಯಾರಾದರೂ ಆಣೆ ಹಾಕು ಎಂದಿದ್ದರೆ ಹಾಕುತ್ತಿದ್ದೆ. ಆದರೆ ಮೂವತ್ತೊಂದು ಕಡೆ ನನ್ನ ಕಣ್ಣು ಗೆರೆ ಕಂಡ ಕೂಡಲೇ ಸುತ್ತು ಹಾಕಿತ್ತು. ಆಮೇಲೆ ವಿಮರ್ಶೆ ಬರೆದೆ. ಭಾಷೆ ಚೆನ್ನಾಗಿದೆ ಎಂದೆ. ತಾಯಿಯ ಸಾವು ದಿಢೀರನೆ ಬರುತ್ತದೆ, ಲೇಖಕಿ ಅದಕ್ಕೆ ಯಾವ ಸಿದ್ಧತೆಯನ್ನೂ ಮಾಡಿಲ್ಲ ಎಂದೆ. ಹದಿನಾಲ್ಕನೆಯ ಅಧ್ಯಾಯದಲ್ಲಿ ತಾಯಿ ಮಗಳು ಕೂತು ರೊಟ್ಟಿ ತಿನ್ನುವುದು ಬಿಟ್ಟರೆ ಏನೂ ನಡೆಯುವುದಿಲ್ಲ ಎಂದೆ. ಪುಟ ತುಂಬಿಸುವ ಬಾಕ್ಸ್‌ಗಳನ್ನು ಕಿತ್ತರೆ ಕಥೆ ಚುರುಕಾಗುತ್ತದೆ ಎಂದು ಮುಗಿಸಿದೆ. ಗಟ್ಟಿ ವಿಮರ್ಶೆ ಎಂದು ಕಚೇರಿಯಲ್ಲಿ ಮೂರು ಜನ ಹೇಳಿದರು.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಸುಜಾತಾ ಅವರಿಂದ ಸಂದೇಶ ಬಂತು. “ಸರ್, ಕಲಬುರಗಿಯ ಪ್ರಕಾಶಕರೊಬ್ಬರು ಪುಸ್ತಕವನ್ನು ಮತ್ತೆ ಅಚ್ಚು ಹಾಕುತ್ತಿದ್ದಾರೆ. ನೀವು ಹೇಳಿದಂತೆ ಬಾಕ್ಸ್ ಎಲ್ಲ ತೆಗೆದಿದ್ದೇನೆ. ಹದಿನಾಲ್ಕನೆಯ ಅಧ್ಯಾಯವನ್ನೂ ತೆಗೆದಿದ್ದೇನೆ. ನಾಳೆ ಬಿಟ್ಟು ಅದರ ಮುಂದಿನ ಸೋಮವಾರ ಅಚ್ಚಿಗೆ ಕೊಡಬೇಕು. ತಿದ್ದಿದ್ದಕ್ಕೆ ತುಂಬ ಉಪಕಾರ.”

ನನ್ನ ಮಾತು ಕೇಳಿ ಒಬ್ಬರು ಪುಸ್ತಕವನ್ನೇ ತಿದ್ದಿದ್ದಾರೆ! ತಾಲ್ಲೂಕು ಕಚೇರಿಯ ನಲ್ಲಿ ಸೋರುತ್ತದೆ ಎಂದು ಮೂರು ಸಲ ಬರೆದರೂ ಯಾರೂ ತಿರುಗಿಸದ ಕಾಲದಲ್ಲಿ. ಒಗ್ಗರಣೆ ಹಾಕುತ್ತಿದ್ದ ಶಾಂತಾಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಕ್ಷತಾ ಒಳಗಿನಿಂದ ಬಂದಳು.

“ಬಾಕ್ಸ್ ತಗದಾರಾ?” ಎಂದಳು.

“ಹ್ಞೂಂ. ನಾ ಹೇಳಿದ್ದೆ.”

“ಹಂಗಾದ್ರ ಕಥಿ ಎಲ್ಲಿ ಉಳೀತು?”

ವಿಮರ್ಶೆ ಮುಗಿದ ಮೇಲೆ ಪುಸ್ತಕ ಅವಳ ಕಪಾಟು ಸೇರಿತ್ತು. ಅವಳು ಓದಿದ್ದಾಳೆ ಎಂಬುದು ನನಗೆ ಗೊತ್ತಿರಲಿಲ್ಲ. ತಂದು ಮೊದಲ ಬಾಕ್ಸ್ ತೆಗೆದು ಮುಂದಿಟ್ಟಳು.

ಚಂದ್ರಿ: ಬಲ ೧೨, ಜಾಣತನ ೯, ಉಸಿರು ೧೦. ಅವ್ವ: ಉಸಿರು ೯೦.

“ಎರಡನೇದು ನೋಡು. ಚಂದ್ರಿ ಉಸಿರು ಹದಿಮೂರು, ಅವ್ವನ ಉಸಿರು ಎಂಬತ್ತೇಳು. ಈಗ ಎರಡೂ ಕೂಡಿಸು.”

“ನೂರು.”

“ಎಲ್ಲಾ ಬಾಕ್ಸಿನಾಗೂ ನೂರ ಆಗ್ತದಪ್ಪಾ. ಅಕಿ ಗೆದ್ದಷ್ಟು ಅವ್ವಗ ಕಡಿಮಿ ಆಗ್ತದ. ಚಂದ್ರಿಗಿ ತನ್ನ ಅಂಕಿ ಅಷ್ಟ ಕಾಣ್ತದ, ಅವ್ವಂದು ಕಾಣಂಗಿಲ್ಲ. ಓದೋರಿಗಷ್ಟ ಕಾಣ್ತದ. ನಾ ಇಪ್ಪತ್ತನೇ ದಂಡಿಗೇ ಪುಸ್ತಕ ಮುಚ್ಚಿಟ್ಟಿದ್ದೆ. ಮುಂದ ಓದಾಕ ಅಂಜಿಕಿ ಆಗಿತ್ತು.” ಆಮೇಲೆ ನನ್ನ ಮುಖ ನೋಡಿದಳು. “ಅಪ್ಪಾ, ನೀ ಬಾಕ್ಸ್ ಓದಿದ್ದಿಲ್ಲೇನು?”

ಒಗ್ಗರಣೆ ಸೀಯುವ ವಾಸನೆ ಬಂತು. ಶಾಂತಾ ಕೂಡ ನನ್ನನ್ನೇ ನೋಡುತ್ತಿದ್ದಳು. ನಾನು ಕನ್ನಡಕ ಒರೆಸುವ ಕೆಲಸ ಹಚ್ಚಿಕೊಂಡೆ.

ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಮೂವತ್ತೊಂದನ್ನೂ ಓದಿದೆ. ಬರೀ ಬಾಕ್ಸ್ ಓದಿದರೂ ಕಥೆ ತಿಳಿಯುತ್ತಿತ್ತು. ಆಟದ ಕಥೆಗಳನ್ನು ನಾನು ಅಷ್ಟು ನೋಡಿದ್ದೆನಲ್ಲ, ಅಂಕಿ ನಾಯಕನ ಡೋಲು ಬಾರಿಸುವುದಕ್ಕೇ ಇರುವುದು ಎಂದುಕೊಂಡಿದ್ದೆ. ಈ ಹೆಣ್ಣುಮಗಳು ಅದೇ ಅಂಕಿಯಿಂದ, ಯಾರ ಬಾಯಿಂದಲೂ ಒಂದು ಮಾತು ಆಡಿಸದೆ, ಒಬ್ಬ ತಾಯಿ ಸವೆಯುವುದನ್ನು ಬರೆದಿದ್ದಳು. ಹದಿಮೂರನೆಯ ಬಾಕ್ಸಿನಲ್ಲಿ ಅವ್ವನ ಉಸಿರು ಐವತ್ನಾಲ್ಕು. ಹದಿನಾಲ್ಕರಲ್ಲಿ ಐವತ್ತೈದು. ಇಡೀ ಪುಸ್ತಕದಲ್ಲಿ ಅವ್ವನ ಉಸಿರು ಏರುವುದು ಆ ಒಂದೇ ಸಲ. ಅದು ನಾನು ಏನೂ ನಡೆಯುವುದಿಲ್ಲ ಎಂದು ಬರೆದ ಅಧ್ಯಾಯ.

ಮರುದಿನ ನಮ್ಮ ಮುಖ್ಯ ಉಪಸಂಪಾದಕ ವೀರಣ್ಣನ ಮೇಜಿನ ಮುಂದೆ ನಿಂತು, ತಿದ್ದುಪಡಿ ಹಾಕಬೇಕು ಎಂದೆ.

“ತಿದ್ದುಪಡಿ ಹೆಸರಿಗಿ ಅದ, ತಾರೀಖಿಗಿ ಅದ. ಅಭಿಪ್ರಾಯಕ್ಕ ಎಲ್ಲಿ ತಿದ್ದುಪಡಿ ಮಾರಾಯ?” ಎಂದ.

“ಅಭಿಪ್ರಾಯ ಅಲ್ಲ ವೀರಣ್ಣ. ನಾ ಓದಿದ್ದಿಲ್ಲ.”

“ಪೂರಾ ಓದಿ ವಿಮರ್ಶಿ ಬರದಾಂವ ಯಾಂವ ಅದಾನ ಹೇಳು, ಶಾಲು ಹೊದಿಸಿ ಸನ್ಮಾನ ಮಾಡೂಣು.”

ಕೊನೆಗೆ ಎರಡು ಸಾಲಿಗೆ ಒಪ್ಪಿದ. ಬರೆಯಲು ಕೂತೆ. ಕಾದಂಬರಿಯಲ್ಲಿನ ಅಂಕಿಗಳ ಮಹತ್ವವು ವಿಮರ್ಶೆಯ ಸಂದರ್ಭದಲ್ಲಿ ಗಮನಕ್ಕೆ ಬಂದಿರಲಿಲ್ಲ ಎಂದು ಬರೆದೆ. ಯಾರ ಗಮನಕ್ಕೆ ಎಂದು ಬರೆಯಲಿಲ್ಲ. ಮೊಬೈಲ್ ಕೈಯಲ್ಲೇ ಇತ್ತು, ಸುಜಾತಾ ಅವರ ನಂಬರ್ ಇತ್ತು. ಪೇಪರಿನಲ್ಲಿ ಬರುತ್ತದಲ್ಲ, ಅವರೇ ನೋಡುತ್ತಾರೆ ಎಂದು ಸುಮ್ಮನಾದೆ. ಪೇಪರಿನ ಹಿಂದೆ ಅಡಗಿ ಕೂತೆ ಎನ್ನುವುದು ಸರಿಯಾದ ಮಾತು. ಗುರುವಾರದ ಸಂಚಿಕೆಯ ಆರನೆಯ ಪುಟದ ಕೆಳಗೆ ಅದು ಅಚ್ಚಾಯಿತು. ಪುಟ ಮಾಡುವವರು ಸುತ್ತಲೂ ನಾಲ್ಕು ಗೆರೆ ಎಳೆದು, ಅಂದವಾಗಿ ಬಾಕ್ಸ್ ಮಾಡಿದ್ದರು.

ಯಾರೂ ಓದಲಿಲ್ಲ. ಶುಕ್ರವಾರ ತಡೆಯದೆ ಸುಜಾತಾ ಅವರಿಗೆ, “ಪೇಪರ್ ನೋಡಿದಿರಾ?” ಎಂದು ಸಂದೇಶ ಕಳಿಸಿದೆ. “ನೋಡಿದೆ ಸರ್. ಕೃಷ್ಣಾ ನದಿಯ ಸುದ್ದಿ ಚೆನ್ನಾಗಿ ಬಂದಿದೆ,” ಎಂದು ಉತ್ತರ ಬಂತು. ತಿಂಥಣಿಯ ಬಳಿ ನೀರು ಏರಿದ ಸುದ್ದಿ ಅದೇ ಪುಟದಲ್ಲಿ, ಬಾಕ್ಸಿನ ಮೇಲೆಯೇ ಇತ್ತು.

ಶನಿವಾರ ಬೆಳಿಗ್ಗೆ ಸುರಪುರದ ಬಸ್ಸು ಹತ್ತಿದೆ. ಶಹಾಪುರ ದಾಟುವವರೆಗೂ ಹೇಳಬೇಕಾದ ಮಾತನ್ನು ಕಟ್ಟುತ್ತಿದ್ದೆ. ‘ಮರುಚಿಂತನೆ’ ಎಂಬ ಪದ ಹೊಳೆಯಿತು. ದೊಡ್ಡವರು ಬಳಸುವ ಪದ. ಬಳಸಿದವರು ಇನ್ನೂ ದೊಡ್ಡವರಾಗಿ ಕಾಣುತ್ತಾರೆ. ಓದಿರಲಿಲ್ಲ ಎನ್ನುವುದಕ್ಕಿಂತ ಎಷ್ಟೋ ಮೇಲು ಎನ್ನಿಸಿತು. ಅದನ್ನೇ ಬಾಯಲ್ಲಿ ಹೊರಳಿಸುತ್ತ ಇಳಿದೆ.

ಅಂಗನವಾಡಿಯಲ್ಲಿ ಅವತ್ತು ಕೂಸುಗಳ ತೂಕ. ತೊಲೆಗೆ ತೂಗುಹಾಕಿದ ಗಡಿಯಾರದಂಥ ತಕ್ಕಡಿ, ಅದಕ್ಕೊಂದು ಜೋಳಿಗೆ, ಜೋಳಿಗೆಯಲ್ಲಿ ಚೀರುವ ಒಂದು ಕೂಸು. ಮೂವತ್ತರ ಆಸುಪಾಸಿನ, ತೆಳ್ಳಗಿನ ಹೆಣ್ಣುಮಗಳೊಬ್ಬಳು ಮುಳ್ಳು ನಿಲ್ಲುವುದನ್ನೇ ನೋಡುತ್ತಿದ್ದಳು. ಅವಳೇ ಸುಜಾತಾ ಎಂದು ಹೇಳಬೇಕಾಗಿರಲಿಲ್ಲ.

“ಚಲೋ ಉಣ್ತಾನ್ರಿ ಟೀಚರ್, ಏನೂ ಚಿಂತಿಲ್ಲ,” ಎಂದಳು ಕೂಸಿನ ತಾಯಿ.

“ಉಣ್ತಾನ ಅಂತ ನೀ ಅಂತಿ. ಹೋದ ತಿಂಗಳಕಿಂತ ಮುನ್ನೂರು ಗ್ರಾಂ ಇಳದಾನ. ಏನಾಗಿತ್ತು, ಖರೇ ಹೇಳು.”

ತಾಯಿ ನೆಲ ನೋಡಿದಳು. “ಎಂಟು ದಿನ ಭೇದಿ ಆಗಿತ್ರಿ.”

“ಮೊದಲ ಹೇಳಾಕ ಏನಾಗಿತ್ತು ನಿನಗ?” ಎಂದು ಬೈಯುತ್ತಲೇ ಸುಜಾತಾ ದೊಡ್ಡ ಪುಸ್ತಕದ ಒಂದು ಮನೆಯಲ್ಲಿ ಅಂಕಿ ಬರೆದಳು. ಸಾಲು ಸಾಲು ಮನೆಗಳು, ಒಂದೊಂದರಲ್ಲಿ ಒಂದೊಂದು ಅಂಕಿ. ಈ ಬಾಕ್ಸ್‌ಗಳು ಎಲ್ಲಿಂದ ಬಂದವು ಎಂದು ನಾನು ವಿಮರ್ಶೆಯಲ್ಲಿ ಕೇಳಿರಲಿಲ್ಲ. ಕೇಳಿದ್ದರೆ ಉತ್ತರ ಇಲ್ಲಿತ್ತು.

ನಾನು ಯಾರೆಂದು ಹೇಳಿದ ಕೂಡಲೇ ಆಕೆ ಗಡಬಡಿಸಿ ಕುರ್ಚಿ ಒರೆಸಿದಳು. “ಅಯ್ಯ ಸರ್, ಹೇಳಿದ್ರ ನಾನೇ ಬರ್ತಿದ್ದೆನಲ್ರಿ! ಚಹಾ ತರಸ್ಲೇನ್ರಿ?” ತಾಯಂದಿರೆಲ್ಲ ಹೋಗುವ ತನಕ ಕಾದು ಹೇಳಿದೆ.

“ಟೀಚರ್, ನಿಮ್ಮ ಪುಸ್ತಕದ ಬಗ್ಗೆ ಮರುಚಿಂತನೆ ಮಾಡೀನಿ.”

“ಏನ್ ಮಾಡೀರಿ?”

“ಮರುಚಿಂತನೆ. ಈಗ ಓದಿದಾಗ ಬಾಕ್ಸ್ ಇರಬೇಕು ಅನ್ನಸ್ತು. ಹದಿನಾಲ್ಕನೇದೂ ಇರಬೇಕು.”

ಆಕೆ ಪುಸ್ತಕ ಮುಚ್ಚಿ ನನ್ನನ್ನು ನೋಡಿದಳು. ಮುಳ್ಳು ನಿಲ್ಲುವುದನ್ನು ಕಾಯುವ ಅದೇ ನೋಟ.

“ಮೊದಲ ಓದಿದಾಗ ಬ್ಯಾಡ ಅನ್ನಿಸಿತ್ತೇನ್ರಿ?”

“ಹ್ಞಾಂ... ಆವಾಗ...”

“ಹದಿನಾಲ್ಕನೇದರಾಗ ಅವ್ವನ ಉಸಿರು ಎಷ್ಟಿತ್ತು ಅಂತ ಅವತ್ತ ಗೊತ್ತಿತ್ತೇನ್ರಿ ನಿಮಗ?”

“ಇಲ್ಲ.”

“ಮೊದಲನೇದರಾಗ?”

“ಇಲ್ಲ ಟೀಚರ್. ಒಂದು ಬಾಕ್ಸೂ ಓದಿದ್ದಿಲ್ಲ.”

ಬಸ್ಸಿನಲ್ಲಿ ಕಟ್ಟಿದ್ದ ಮಾತೆಲ್ಲ ಅಲ್ಲಿಗೆ ಮುಗಿಯಿತು. ಹೊರಗೆ ಯಾರೋ ಕೋಳಿ ಅಟ್ಟುತ್ತಿದ್ದರು. ಆಕೆ ಬೈಯಬಹುದು ಎಂದು ಕಾದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಎದ್ದು ಹೋಗಿ ಜೋಳಿಗೆಯನ್ನು ತಕ್ಕಡಿಯಿಂದ ಬಿಚ್ಚಿ, ಝಾಡಿಸಿ, ಮಡಚಿ ಇಟ್ಟು ಬಂದಳು.

“ನನ್ನ ತಮ್ಮ ಕಡೇಚೂರಿನ ಫ್ಯಾಕ್ಟರ್‍ಯಾಗ ಅದಾನ್ರಿ. ಅಲ್ಲಿಂದ ಮನಿಗಿ ಬಂದಾಗ ನಾವಿಬ್ರೂ ಕೂಡಿ ಅನಿಮೆ ನೋಡ್ತೀವಿ. ನಿಮ್ಮ ಅಂಕಣ ಅವನ ತಂದು ತೋರಿಸಿದ್ದ. ಗೆದ್ದಾಗ ಯಾರಿಗಿ ಕಡಿಮಿ ಆತು ಅಂತ ತೋರಿಸ್ಬೇಕು ಅಂತ ಬರದಿದ್ರಿ. ಅದನ್ನ ಓದೇ ನಾ ಆ ಬಾಕ್ಸ್ ಹಾಕಿದ್ದು.”

ನನಗೆ ತಲೆ ಎತ್ತಲು ಆಗಲಿಲ್ಲ.

“ಮಾತು ಚಂದ ಮಾಡಿ ಬರಿಯಾಕ ನನಗ ಬರಂಗಿಲ್ಲ ಸರ್. ಅಂಕಿ ಓದಾಕ ಬರ್ತದ. ದಿನಾ ಅದನ್ನ ಮಾಡ್ತೀನಿ. ನಿಮ್ಮ ವಿಮರ್ಶಿ ಓದಿ, ನನಗ ಬರೋದು ಅದೊಂದು, ಅದೂ ಕಸ ಅಂತ ತಿಳಕೊಂಡೆ. ಎರಡನೇ ಪುಸ್ತಕ ಅರ್ಧ ಬರದಿದ್ದೆ. ಬಿಟ್ಟೀನಿ.”

“ಅದು ಕಸ ಅಲ್ಲ...”

“ಅವತ್ತ ತಗೀ ಅಂದ್ರಿ, ತಗದೆ. ಇವತ್ತ ಇಡು ಅಂತೀರಿ. ನಾಳಿ ಏನಂತೀರಿ?”

“ನಾ ಹೇಳೀನಿ ಅಂತ ಇಡಬ್ಯಾಡ್ರಿ,” ಎಂದೆ. “ತಗೀ ಅಂದಾಂವ ಓದಿದ್ದಿಲ್ಲ. ಅದಕ್ಕ ಇಡ್ರಿ.”

ಆಕೆ ತೂಕದ ಪುಸ್ತಕವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಫೋನ್ ತೆಗೆದಳು. ಇಡೀ ಕಾದಂಬರಿಯನ್ನು ಅದರಲ್ಲೇ ಬರೆದದ್ದಂತೆ. ಬಾಕ್ಸ್‌ಗಳನ್ನು ಅಳಿಸಿ ಅದರ ಮೇಲೆಯೇ ಉಳಿಸಿದ್ದರಿಂದ ಹಳೆಯದು ಹೋಗಿತ್ತು. ಅಚ್ಚಾದ ಪ್ರತಿಗಳೆಲ್ಲ ಅವರಿವರ ಕೈ ಸೇರಿದ್ದವು.

“ಪುಸ್ತಕ ತಂದೀರೇನ್ರಿ?”

ಚೀಲದಿಂದ ತೆಗೆದೆ.

“ಹಂಗಾದ್ರ ನೀವ ಓದ್ರಿ. ನಾ ಟೈಪ್ ಹೊಡ್ಕೋತ ಹೋಗ್ತೀನಿ. ಸೋಮವಾರ ಕೊಡಬೇಕು.”

ಕೂಸುಗಳ ಪುಟ್ಟ ಚಾಪೆಯ ಮೇಲೆ ಎದುರುಬದುರು ಕೂತೆವು. ಮೊದಲ ಬಾಕ್ಸ್ ಓದಿದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಗಟ್ಟಿಯಾಗಿ ಓದಿದ ಮೊದಲ ಬಾಕ್ಸ್ ಅದು. ನಾಲ್ಕನೆಯದಕ್ಕೆ ವೇಗ ಬಂತು. ಪತ್ರಿಕೆಯ ಅಭ್ಯಾಸ, ದನಿ ಒಂದೇ ಸಮ ಓಡತೊಡಗಿತು. ಆಕೆ ಕತ್ತು ಎತ್ತದೆ, “ಸಾವಕಾಶ ಓದ್ರಿ. ಮನಷ್ಯಾಳ ಅಕಿ, ಬರೇ ಅಂಕಿ ಅಲ್ಲ,” ಎಂದಳು. ಅಲ್ಲಿಂದ ಒಂದೊಂದು ಅಂಕಿಯನ್ನೂ ನಿಂತು ಓದಿದೆ. ಎಪ್ಪತ್ತೆಂಟು. ಎಪ್ಪತ್ತೈದು. ಎಪ್ಪತ್ತೆರಡು. ಕಣ್ಣಿನಿಂದ ಓದುವಾಗ ಅಂಕಿ ಹಾಳೆಯ ಮೇಲಿರುತ್ತದೆ. ಬಾಯಿಂದ ಹೇಳುವಾಗ ನಾವೇ ಕಳೆಯುತ್ತಿದ್ದೇವೆ ಎನ್ನಿಸುತ್ತದೆ. ಹತ್ತನೆಯ ಬಾಕ್ಸ್ ದಾಟುವ ಹೊತ್ತಿಗೆ ಆಕೆ ನೀರಿನ ಲೋಟ ಸರಿಸಿದಳು.

ಹದಿಮೂರು ಆಯಿತು. ಹದಿನಾಲ್ಕನೆಯ ಅಧ್ಯಾಯವೇ ಹೋಗಿತ್ತಲ್ಲ, ಅದನ್ನು ಪೂರ್ತಿ ಓದಬೇಕಾಯಿತು. ಚಂದ್ರಿ ಅವತ್ತು ಕತ್ತಿ ಮುಟ್ಟುವುದಿಲ್ಲ. ಅವ್ವ ಗಂಟು ಬಿಚ್ಚುತ್ತಾಳೆ. ಶೇಂಗಾ ಹಿಂಡಿ, ಕಟಿ ರೊಟ್ಟಿ. ತಿಂದ ಮೇಲೆ ಅವ್ವ ಮಗಳ ತಲೆಯ ಸಿಕ್ಕು ಬಿಡಿಸುತ್ತಾಳೆ. ಅಷ್ಟೇ. ಆಮೇಲೆ ನಾಲ್ಕು ಗೆರೆ.

“ಚಂದ್ರಿ, ಉಸಿರು ನಲವತ್ತೈದು. ಅವ್ವ, ಉಸಿರು ಐವತ್ತೈದು.”

ಆಕೆಯ ಬೆರಳು ನಿಂತಿತು. “ಹಿಂದಿಂದು ಎಷ್ಟಿತ್ರಿ?”

“ಐವತ್ನಾಲ್ಕು.”

“ಏರ್‍ಯಾದೇನ್ರಿ?”

“ಏರ್‍ಯಾದ.”

“ಯಾಕ್ರಿ?”

ಪರೀಕ್ಷೆ ಮಾಡುವ ದನಿಯಲ್ಲಿ ಕೇಳಲಿಲ್ಲ. ತನ್ನ ಕಥೆ ಒಬ್ಬರಿಗಾದರೂ ಮುಟ್ಟಿತೇ ಎಂದು ಕೇಳಿದಳು.

“ಅವತ್ತ ಅಕಿ ಗೆಲ್ಲಾಕ ಹೋಗಿಲ್ಲ,” ಎಂದೆ. “ಅವ್ವನ ಸಂಗಾಟ ಕುಂತು ರೊಟ್ಟಿ ತಿಂದಾಳ.”

ಆಕೆ ಅಂಕಿ ಹೊಡೆದಳು. ಸೆರಗಿನಿಂದ ಫೋನಿನ ಗಾಜು ಒರೆಸಿದಳು, ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ.

“ಮುಂದಿಂದು ಹೇಳ್ರಿ,” ಎಂದಳು.

ಇನ್ನೂ ಹದಿನೇಳು ಉಳಿದಿದ್ದವು. ನಾನು ಹಾಳೆ ತಿರುಗಿಸಿದೆ.